ಮೂಗಿನೊಳಗಿನ ಕಾವಲುಗಾರರು

ನಮ್ಮ ಕಡೆ ಇದಕ್ಕೆ ‘ಮೂಗಿನಲ್ಲಿ ದುರ್ಮಾಂಸ ಬೆಳೆಯುವುದು’ ಎನ್ನುತ್ತಾರೆ. ವೈದ್ಯರು ಹೇಳುವ ಹೆಸರು ಪಾಲಿಪ್. ನನಗೆ ಇದು ಇದೆಯೆಂದು ತಿಳಿದಾಗ ಬಂಧುಗಳು ಕೇಳಿದ ಮೊದಲ ಪ್ರಶ್ನೆ, ‘ಕ್ಯಾನ್ಸರ್ ಅಲ್ಲವಷ್ಟೆ?’ ಎಂದು. ಎರಡನೆಯದು, ‘ಸ್ಟೀರಾಯ್ಡ್ ಕೊಟ್ಟಿದ್ದಾರಂತೆ, ಬಿಟ್ಟುಬಿಡಬಾರದೇ?’ ಎಂದು. ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ಎರಡಕ್ಕೂ ಉತ್ತರ ಹೇಳಬೇಕಲ್ಲವೇ?

ಎರಡೂ ಹೊಳ್ಳೆಗಳಲ್ಲಿ ಬೆಳೆಯುವ ಪಾಲಿಪ್ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಮೂಗಿನ ಹಾಗೂ ಸೈನಸ್‌ಗಳ ಒಳಪೊರೆ ಬಹುಕಾಲದ ಉರಿಯೂತದಿಂದ ನೀರು ತುಂಬಿಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋತುಬೀಳುತ್ತದೆ, ಅಷ್ಟೆ. ಒಂದೇ ಕಡೆ ಬೆಳೆದಿದ್ದರೆ ಅಥವಾ ರಕ್ತ ಸುರಿದರೆ ಮಾತ್ರ ತಡಮಾಡದೆ ತೋರಿಸಿಕೊಳ್ಳಬೇಕು.

ಈ ಉರಿಯೂತದ ಹಿಂದೆ ಅನೇಕರಲ್ಲಿ ಇರುವುದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್, ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಈ ಕಣಗಳನ್ನು ಗುರುತಿಸಿದರು. ಗ್ರೀಕರ ‘ಇಯೊಸ್’ ಎಂದರೆ ನಮ್ಮ ಉಷೆಯೇ. ಜಂತುಹುಳುಗಳ ವಿರುದ್ಧ ಹೋರಾಡುವ ಈ ಕಾವಲುಗಾರರು ಪಾಲಿಪ್‌ನಲ್ಲಿ ಶತ್ರುವಿಲ್ಲದೆಯೂ ಬೀಡುಬಿಡುತ್ತಾರೆ. ಇಂಟರ್‌ಲ್ಯೂಕಿನ್-5 ಎಂಬ ಸಂಕೇತವಸ್ತು ಅವರ ಆಯುಸ್ಸನ್ನೂ ಹೆಚ್ಚಿಸುತ್ತದೆ. ಅವರು ಸುರಿಸುವ ವಿಷಕಾರಿ ಪ್ರೋಟೀನುಗಳಿಂದ ಗಾಸಿಗೊಳ್ಳುವುದು ನಮ್ಮದೇ ಒಳಪೊರೆ.

ನೋವಿಲ್ಲದ ಕಾರಣ ಇದನ್ನು ಅಲಕ್ಷಿಸುವವರು ಬಹಳ. ಆದರೆ ಹೋಗುವುದು ವಾಸನೆ. ಒಂದು ಸಂಜೆ ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿತ್ತು. ಪಕ್ಕದಲ್ಲೇ ಪತ್ರಿಕೆ ಓದುತ್ತಿದ್ದ ನನಗೆ ಏನೂ ತಿಳಿಯಲಿಲ್ಲ. ದೇವಸ್ಥಾನದಿಂದ ಮರಳಿದ ಶ್ರೀಮತಿ ಹೊಸ್ತಿಲಲ್ಲೇ ಕೂಗಿಕೊಂಡಳು. ಮೂಗು ಬರಿಯ ಉಸಿರಿನ ದಾರಿಯಲ್ಲ, ಮನೆಯ ಕಾವಲೂ ಹೌದೆಂದು ಅಂದು ಮನದಟ್ಟಾಯಿತು.

ಇನ್ನು ಸ್ಟೀರಾಯ್ಡ್. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ದಿನವೂ ಸ್ರವಿಸುವ ಕಾರ್ಟಿಸಾಲ್‌ನ ಬಳಗವೇ ಇದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೀಲುವಾತದ ರೋಗಿಗೆ ಕಾರ್ಟಿಸೋನ್ ಮೊದಲು ಕೊಡಲಾಯಿತು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಸಂದಿತು. ಈ ಔಷಧ ಜೀವಕೋಶದೊಳಕ್ಕೆ ಹೋಗಿ ಉರಿಯೂತದ ಸಂಕೇತಗಳನ್ನು ತಯಾರಿಸುವ ಜೀನುಗಳನ್ನು ಸುಮ್ಮನಾಗಿಸುತ್ತದೆ. ಇಯೊಸಿನೊಫಿಲ್‌ಗಳು ಬೇಗ ಸಾಯುತ್ತವೆ. ನ್ಯೂಟ್ರೊಫಿಲ್ ಎಂಬ ಬೇರೆ ಬಿಳಿ ಕಣಗಳೇ ಹೆಚ್ಚಿರುವ ಪಾಲಿಪ್‌ಗಳು ಮಾತ್ರ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಮಾತ್ರೆಗೂ ಸ್ಪ್ರೇಗೂ ಅಜಗಜಾಂತರ. ಮಾತ್ರೆ ಕೆಲವೇ ದಿನಗಳಲ್ಲಿ ಮೂಗು ಬಿಡಿಸುತ್ತದೆ, ಆದರೆ ಗುಣ ಬಹುಕಾಲ ನಿಲ್ಲದು. ಪದೇ ಪದೇ ನುಂಗಿದರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಕಣ್ಣಿಗೆ ಪೊರೆ ಬರಬಹುದು. ಬಹಳ ದಿನ ನುಂಗಿದ ಮೇಲೆ ಥಟ್ಟನೆ ನಿಲ್ಲಿಸುವುದೂ ಅಪಾಯ. ನಿದ್ದೆಹೋದ ಅಡ್ರಿನಲ್ ಎಚ್ಚರಗೊಳ್ಳಲು ಸಮಯ ಬೇಕು. ಸ್ಪ್ರೇ ಬೀಳುವುದು ಬೇಕಾದ ಜಾಗಕ್ಕೆ, ಅಲ್ಪ ಪ್ರಮಾಣದಲ್ಲಿ. ಗುಣ ಕಾಣಲು ವಾರಗಳು ಬೇಕು, ದಿನ ತಪ್ಪಿಸಬಾರದು. ತಲೆಯನ್ನು ಸ್ವಲ್ಪ ಬಾಗಿಸಿ, ಕೊಳವೆಯ ತುದಿಯನ್ನು ನಡುಗೋಡೆಯಿಂದ ಆಚೆಗೆ, ಕಿವಿಯ ಕಡೆಗೆ ತಿರುಗಿಸಿ ಹಾಕಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಇದು ತಪ್ಪುವುದಿಲ್ಲ, ಏಕೆಂದರೆ ಕತ್ತರಿಸಿದ ಪಾಲಿಪ್ ಮರಳಿ ಬೆಳೆಯಬಲ್ಲುದು. ನನಗೆ ಇಂಗಿನ ಒಗ್ಗರಣೆಯ ಘಮ ಮರಳಿದೆ; ಮಲ್ಲಿಗೆಯದು ಇನ್ನೂ ಅರೆಬರೆ.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಮನೆಯಲ್ಲಿ ಯಾರಿಗಾದರೂ ಸ್ಟೀರಾಯ್ಡ್ ಬರೆದುಕೊಟ್ಟರೆ ಹೌಹಾರಬೇಡಿ, ನೀವೇ ನಿಲ್ಲಿಸಲೂ ಬೇಡಿ. ‘ಮಾತ್ರೆಯೋ, ಸ್ಪ್ರೇಯೋ? ಎಷ್ಟು ದಿನ?’ ಎಂದು ವೈದ್ಯರನ್ನೇ ಕೇಳಿ. ತರಗತಿಯಲ್ಲಿ ಪ್ರಶ್ನೆ ಕೇಳಲು ಸಂಕೋಚಪಡುತ್ತಿದ್ದವರಿಗೂ ಈ ಮಾತು ಅನ್ವಯಿಸುತ್ತದೆ.