ದ್ರಾಕ್ಷಿ ದಾರಿಯ ಕೊನೆಗೊಂದು ಗಡಿ

“ರೀ, ಇಂಡಿಕೇಟರ್ ಹಾಕಿ” ಎಂದು ನಾನು ಹೇಳುವುದು, ಇವರು ಗಡಿಬಿಡಿಯಲ್ಲಿ ವೈಪರ್ ಹಾಕುವುದು. ಸ್ಟ್ರಾಸ್‌ಬರ್ಗ್ ಊರು ದಾಟುವವರೆಗೂ ಇದೇ ನಡೆಯಿತು. ಆಕಾಶದಲ್ಲಿ ಮೋಡದ ಒಂದು ತುಣುಕೂ ಇಲ್ಲ, ನಮ್ಮ ಕಾರಿನ ಗಾಜನ್ನು ಮಾತ್ರ ವೈಪರ್ ಒರೆಸಿದ್ದೇ ಒರೆಸಿದ್ದು. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ, ಗಾಡಿ ಓಡಿಸುವುದು ರಸ್ತೆಯ ಬಲಬದಿಗೆ. ಮೂವತ್ತು ವರ್ಷ ಮಂಗಳೂರಿನ ಟ್ರಾಫಿಕ್‌ನಲ್ಲಿ ಪಳಗಿದ ಕೈ ಇಲ್ಲಿ ಪುನಃ ಒಂದನೇ ಕ್ಲಾಸಿಗೆ ಸೇರಿತ್ತು.

“ನೀನು ಸ್ವಲ್ಪ ಸುಮ್ಮನೆ ಕೂತ್ಕೋ ಮಾರಾಯ್ತಿ, ಅಭ್ಯಾಸ ಆಗ್ತದೆ” ಎಂದರು ಇವರು.

2023ರ ಸೆಪ್ಟೆಂಬರ್ ತಿಂಗಳು. ಮಗಳು ಜರ್ಮನಿಯ ಫ್ರೈಬರ್ಗ್‌ನಲ್ಲಿ ಓದುತ್ತಿದ್ದಾಳೆ. ನಾವು ಹೋದ ವಾರ ಅವಳಿಗೆ ಪರೀಕ್ಷೆ. “ನೀವಿಬ್ಬರೇ ಮೂರು ದಿನ ಫ್ರಾನ್ಸ್‌ನ ದ್ರಾಕ್ಷಿ ದಾರಿ ಸುತ್ತಿ ಬನ್ನಿ, ಅಮ್ಮನಿಗೆ ಖುಷಿಯಾಗುತ್ತದೆ” ಎಂದು ಅವಳೇ ಎಲ್ಲ ಏರ್ಪಾಡು ಮಾಡಿದ್ದಳು. ನನಗೇಕೆ ಖುಷಿ ಎಂದರೆ, ನನ್ನ ತವರು ವಿಜಯಪುರದ ತಿಕೋಟಾ ಕಡೆ. ದ್ರಾಕ್ಷಿ ಪಡಗಳ ನಡುವೆಯೇ ಬೆಳೆದವಳು ನಾನು. ಇವರದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮನೆ. ದ್ರಾಕ್ಷಿ ನೋಡಬೇಕೆಂದು ಹೊರಟವಳು ನಾನು. ಆದರೆ ಆ ದಾರಿ ಹೆಚ್ಚು ಹೇಳಿದ್ದು ಇವರಿಗೆ.

ಸಮವಸ್ತ್ರವಿಲ್ಲದ ಮಕ್ಕಳು

ನಾವು ಸುತ್ತಲು ಹೊರಟ ಪ್ರಾಂತ್ಯದ ಹೆಸರು ಅಲ್ಸಾಸ್. ಫ್ರಾನ್ಸ್‌ನ ಪೂರ್ವದ ಅಂಚು. ಒಂದು ಕಡೆ ವೋಜ್ ಪರ್ವತಗಳು, ಇನ್ನೊಂದು ಕಡೆ ರೈನ್ ನದಿ. ನದಿಯ ಆಚೆ ದಡ ಜರ್ಮನಿ.

ಈ ಪುಟ್ಟ ನಾಡಿಗಾಗಿ ಎರಡು ದೊಡ್ಡ ದೇಶಗಳು ಜಗ್ಗಾಡಿದ ಕಥೆ ಕೇಳಿ. 1871ರಲ್ಲಿ ಯುದ್ಧ ಗೆದ್ದ ಜರ್ಮನಿ ಇದನ್ನು ಫ್ರಾನ್ಸ್‌ನಿಂದ ಕಿತ್ತುಕೊಂಡಿತು. ಮೊದಲ ಮಹಾಯುದ್ಧ ಮುಗಿದಾಗ, 1918ರಲ್ಲಿ, ಫ್ರಾನ್ಸ್‌ಗೆ ಮರಳಿತು. 1940ರಲ್ಲಿ ಹಿಟ್ಲರನ ಜರ್ಮನಿ ಮತ್ತೆ ಸೇರಿಸಿಕೊಂಡಿತು. 1945ರ ಹೊತ್ತಿಗೆ ಮತ್ತೆ ಫ್ರಾನ್ಸ್. ಮುಕ್ಕಾಲು ಶತಮಾನದಲ್ಲಿ ನಾಲ್ಕು ಸಲ ಬಾವುಟ ಬದಲಾಯಿತು.

ಹೊರಡುವ ಮುನ್ನ ಸ್ಟ್ರಾಸ್‌ಬರ್ಗ್‌ನ ಗಣರಾಜ್ಯ ಚೌಕದಲ್ಲಿ ಒಂದು ಸ್ಮಾರಕ ನೋಡಿದೆವು. ಯುದ್ಧದಲ್ಲಿ ಮಡಿದವರಿಗಾಗಿ 1936ರಲ್ಲಿ ನಿಲ್ಲಿಸಿದ್ದು. ಒಬ್ಬ ತಾಯಿ ಕುಳಿತಿದ್ದಾಳೆ. ಅವಳ ಮಡಿಲಿಗೆ ಒರಗಿ ಇಬ್ಬರು ಮಕ್ಕಳು ಸಾಯುತ್ತಿದ್ದಾರೆ. ಯುದ್ಧ ಸ್ಮಾರಕವೆಂದರೆ ಸಾಮಾನ್ಯವಾಗಿ ಬಂದೂಕು, ಟೋಪಿ, ಸಮವಸ್ತ್ರ ಇರುತ್ತವಲ್ಲ? ಇಲ್ಲಿ ಒಂದೂ ಇಲ್ಲ. ಮಕ್ಕಳ ಮೈಮೇಲೆ ಬಟ್ಟೆಯೇ ಇಲ್ಲ. ಒಬ್ಬ ಫ್ರಾನ್ಸ್‌ಗಾಗಿ ಸತ್ತವನು, ಇನ್ನೊಬ್ಬ ಜರ್ಮನಿಗಾಗಿ. ಯಾವ ಸಮವಸ್ತ್ರ ತೊಡಿಸಬೇಕು? ಕೆಳಗೆ ಬರೆದಿರುವುದು “ನಮ್ಮವರಾಗಿ ಮಡಿದವರಿಗೆ” ಎಂಬ ಅರ್ಥದ ಮಾತು ಮಾತ್ರ. ‘ದೇಶಕ್ಕಾಗಿ’ ಎಂಬ ಮಾತು ಇಲ್ಲ. ಯಾವ ದೇಶ ಎಂಬ ಪ್ರಶ್ನೆ ಬರುತ್ತದೆ ನೋಡಿ.

ಇವರು ಆ ತಾಯಿಯ ಮುಂದೆ ಬಹಳ ಹೊತ್ತು ನಿಂತರು. ಕಾರಿನ ಬಾಡಿಗೆಯ ಹೊತ್ತು ಮೀರುತ್ತದೆ ಎಂದು ನಾನೇ ಕರೆಯಬೇಕಾಯಿತು.

ನನ್ನ ಕಣ್ಣಿಗೆ ದ್ರಾಕ್ಷಿ

ಅಲ್ಸಾಸ್‌ನ ದ್ರಾಕ್ಷಾರಸದ ದಾರಿಯನ್ನು 1953ರಲ್ಲಿ ಆರಂಭಿಸಿದರಂತೆ. ಮಾರ್ಲೆನ್‌ಹೈಮ್‌ನಿಂದ ಥಾನ್‌ವರೆಗೆ ಸುಮಾರು 170 ಕಿಲೋಮೀಟರ್. ಹೆದ್ದಾರಿಯಲ್ಲ. ಬೆಟ್ಟದ ಬುಡದಲ್ಲಿ ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತ ಹೋಗುವ ಸಣ್ಣ ರಸ್ತೆ. ಎರಡೂ ಕಡೆ ತಂತಿಗೆ ಕಟ್ಟಿದ ಬಳ್ಳಿಗಳ ಸಾಲು. ಬಾಚಣಿಗೆಯಿಂದ ಬಾಚಿದ ತಲೆಯ ಹಾಗೆ ಬೆಟ್ಟವೆಲ್ಲ ಗೆರೆ ಗೆರೆ.

ನಾವು ಹೋದದ್ದು ಕೊಯ್ಲಿನ ದಿನಗಳಲ್ಲಿ. ಒಂದು ತೋಟದ ಪಕ್ಕ ಕಾರು ನಿಲ್ಲಿಸಿ ಇಳಿದೆ. ಹತ್ತು ಹನ್ನೆರಡು ಜನ ಬಗ್ಗಿ ಕತ್ತರಿಯಿಂದ ಗೊಂಚಲು ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದರು. ನಮ್ಮ ಕಡೆ ಚಪ್ಪರದ ಕೆಳಗೆ ತಲೆಯೆತ್ತಿ ಕೊಯ್ಯುತ್ತಾರೆ, ಕುತ್ತಿಗೆ ನೋಯುತ್ತದೆ. ಇಲ್ಲಿ ಸೊಂಟ ನೋಯುತ್ತದೆ. ವ್ಯತ್ಯಾಸ ಅಷ್ಟೇ!

ಅಪ್ಪನ ತೋಟದಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಹಣ್ಣು ಬರುವುದು ಬೇಸಿಗೆಯ ಬಾಗಿಲಲ್ಲಿ. ಇಲ್ಲಿಯ ಬಳ್ಳಿ ಚಳಿಗಾಲವೆಲ್ಲ ಮಲಗಿ, ವಸಂತಕ್ಕೆ ಚಿಗುರಿ, ಸೆಪ್ಟೆಂಬರ್‌ಗೆ ಹಣ್ಣು ಕೊಡುತ್ತದೆ. ಆದರೆ ಒಂದು ಸಂಗತಿ ಎರಡೂ ಕಡೆ ಒಂದೇ. ವಿಜಯಪುರದ ಹಾಗೆ ಇಲ್ಲಿಯೂ ಮಳೆ ಕಡಿಮೆ. ಪಶ್ಚಿಮದಿಂದ ಬರುವ ಮೋಡಗಳನ್ನು ವೋಜ್ ಪರ್ವತ ತಡೆದುಬಿಡುತ್ತದೆ. ಸಹ್ಯಾದ್ರಿ ಮಾಡುವ ಕೆಲಸವೇ ಇದು. ಹಾಗಾಗಿ ಇಲ್ಲಿಯ ಕೋಲ್ಮಾರ್ ಪಟ್ಟಣ ಫ್ರಾನ್ಸ್‌ನಲ್ಲೇ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲಿ ಒಂದು. ಹಣ್ಣಾಗುವ ಹೊತ್ತಿಗೆ ಮಳೆ ಬೀಳದಿದ್ದರೆ ದ್ರಾಕ್ಷಿಗೆ ಅದೇ ಪುಣ್ಯ.

ರೀಸ್ಲಿಂಗ್, ಪಿನೋ ಗ್ರಿ, ಗೆವುರ್ಟ್ಸ್‌ಟ್ರಾಮಿನರ್ ಎಂದೆಲ್ಲ ತಳಿಗಳು. ಕೊನೆಯದರ ಹೆಸರಿನಲ್ಲೇ ಜರ್ಮನ್ ಭಾಷೆಯ ‘ಮಸಾಲೆ’ ಇದೆ. ನಸುಗೆಂಪು ಸಿಪ್ಪೆ, ಗುಲಾಬಿಯಂಥ ಪರಿಮಳ. ತೋಟದವರು ನಾಲ್ಕು ಹಣ್ಣು ಅಂಗೈಗೆ ಹಾಕಿದರು. ಹಣ್ಣು ಚಿಕ್ಕದು, ಬೀಜ ದೊಡ್ಡದು, ಸಿಹಿ ಮಾತ್ರ ನಮ್ಮ ಹಣ್ಣಿಗಿಂತ ಒಂದು ಕೈ ಮೇಲು. ಅಪ್ಪ ಇದ್ದಿದ್ದರೆ ಒಂದು ಕಡ್ಡಿ ಕೇಳಿ ತರುತ್ತಿದ್ದರು.

ರೈಲಿನ ನೆನಪು, ಡಾಕ್ಟರರ ಕಥೆ

ದಾರಿಯುದ್ದಕ್ಕೂ ಬಣ್ಣ ಬಣ್ಣದ ಮರದ ಚೌಕಟ್ಟಿನ ಮನೆಗಳು, ಕಿಟಕಿಗಳಲ್ಲಿ ಹೂವು. ಹುನಾವಿರ್ ಎಂಬಲ್ಲಿ ಬಿಳಿ ಕೊಕ್ಕರೆಗಳ ಪಾಲನಾ ಕೇಂದ್ರ ಇದೆ. 1970ರ ದಶಕದಲ್ಲಿ ಇಡೀ ಅಲ್ಸಾಸ್‌ನಲ್ಲಿ ಉಳಿದಿದ್ದದ್ದು ಸುಮಾರು ಹತ್ತು ಜೋಡಿಯಂತೆ. ಜನ ಎಚ್ಚೆತ್ತು ಸಾಕಿ ಬೆಳೆಸಿದ್ದರಿಂದ ಈಗ ನೂರಾರು ಜೋಡಿಗಳು ಗೂಡು ಕಟ್ಟುತ್ತವೆ.

ಊರುಗಳ ಹೆಸರು ಜರ್ಮನ್, ಅಂಗಡಿಯ ಬೋರ್ಡು ಫ್ರೆಂಚ್. ಬೀದಿಯ ಹೆಸರನ್ನು ಕೆಲವೆಡೆ ಫ್ರೆಂಚ್‌ನಲ್ಲೂ ಅಲ್ಸೇಸಿಯನ್ ಎಂಬ ಸ್ಥಳೀಯ ಭಾಷೆಯಲ್ಲೂ ಬರೆದಿದ್ದಾರೆ. ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಸಂಗತಿ: ಫ್ರಾನ್ಸ್‌ನಲ್ಲಿ ಜೋಡಿ ಹಳಿಯ ಮೇಲೆ ರೈಲುಗಳು ಎಡಗಡೆ ಓಡುತ್ತವೆ, ಅಲ್ಸಾಸ್‌ನಲ್ಲಿ ಮಾತ್ರ ಬಲಗಡೆ. ಜರ್ಮನಿಯ ಆಳ್ವಿಕೆಯಲ್ಲಿ ಬಂದ ಪದ್ಧತಿ ಅದು. ಬಾವುಟ ಇಳಿಸುವುದು ಸುಲಭ, ರೈಲಿನ ಅಭ್ಯಾಸ ಬಿಡಿಸುವುದು ಕಷ್ಟ! “ನೋಡು, ರೈಲಿಗೇ ಅಭ್ಯಾಸ ಬಿಡಲಿಲ್ಲ, ನನ್ನ ವೈಪರ್‌ಗೆ ನಗ್ತೀಯಲ್ಲ” ಎಂದರು ಇವರು.

ಕೈಸರ್ಸ್‌ಬರ್ಗ್ ಎಂಬ ಚಂದದ ಊರಿನಲ್ಲಿ ಡಾಕ್ಟರ್ ಆಲ್ಬರ್ಟ್ ಶ್ವೈಟ್ಸರ್ ಹುಟ್ಟಿದ್ದು, 1875ರಲ್ಲಿ. ಆಫ್ರಿಕಾದ ಗೆಬಾನ್‌ನ ಲಂಬರೆನೆಯಲ್ಲಿ ಬಡವರಿಗಾಗಿ ಆಸ್ಪತ್ರೆ ಕಟ್ಟಿದವರು, 1952ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, ಭಾರತೀಯ ಚಿಂತನೆಯ ಬಗ್ಗೆಯೂ ಪುಸ್ತಕ ಬರೆದವರು. ಅವರು ಹುಟ್ಟುವಾಗ ಈ ಊರು ಜರ್ಮನಿ. ಗೆಬಾನ್ ಆಗ ಫ್ರಾನ್ಸ್‌ನ ವಸಾಹತು. ಮೊದಲ ಮಹಾಯುದ್ಧ ಶುರುವಾದಾಗ ಫ್ರೆಂಚರ ಕಣ್ಣಿಗೆ ಅವರು ಶತ್ರು ದೇಶದವರು! ಕಾವಲಿನಲ್ಲಿಟ್ಟರು, ಆಮೇಲೆ ಫ್ರಾನ್ಸ್‌ಗೆ ಕರೆತಂದು ಬಂಧನದಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅದೇ ಡಾಕ್ಟರು ಫ್ರೆಂಚ್ ಪ್ರಜೆಯಾದರು. ಮನುಷ್ಯ ಅವರೇ. ಕಾಗದ ಮಾತ್ರ ಬೇರೆ.

ಊಟದ ಮೇಜಿನ ಮಾತು

ರಾತ್ರಿ ಉಳಿದದ್ದು ರಿಕ್ವಿರ್ ಸಮೀಪದ ಹಳ್ಳಿಯ ಒಂದು ರೈತರ ಮನೆಯಲ್ಲಿ. ಮನೆಯೊಡತಿಗೆ ಎಪ್ಪತ್ತೈದರ ವಯಸ್ಸು. ಫ್ರೆಂಚ್, ಜರ್ಮನ್, ಅಲ್ಸೇಸಿಯನ್ ಮೂರೂ ಸಲೀಸು, ಇಂಗ್ಲಿಷ್ ಅಷ್ಟಿಷ್ಟು. ನಾವು ಮಾಂಸ, ಮದ್ಯ ಎರಡೂ ಮುಟ್ಟುವುದಿಲ್ಲ ಎಂದಾಗ ಆಕೆ ಒಂದು ಕ್ಷಣ ನಮ್ಮನ್ನು ಕನಿಕರದಿಂದ ನೋಡಿ, ದ್ರಾಕ್ಷಿಯ ತಾಜಾ ರಸ ತಂದಿಟ್ಟರು. ಜೊತೆಗೆ ತಾರ್ಟ್ ಫ್ಲಾಂಬೆ. ಕಾಗದದಷ್ಟು ತೆಳ್ಳಗಿನ ರೊಟ್ಟಿಯ ಮೇಲೆ ಕೆನೆ, ಈರುಳ್ಳಿ ಹರಡಿ ಸುಟ್ಟದ್ದು. ಎಲ್ಲರೂ ಹಾಕುವ ಹಂದಿಮಾಂಸವನ್ನು ನಮಗಾಗಿ ಬಿಟ್ಟಿದ್ದರು.

ಮೇಲಿರುವುದು ಏನು ಎಂಬುದಕ್ಕೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ನನಗೆ ಉಳ್ಳಾಗಡ್ಡಿ, ಇವರಿಗೆ ನೀರುಳ್ಳಿ. ನಮ್ಮ ಚರ್ಚೆ ಕಂಡು ಆಕೆ ವಿಚಾರಿಸಿದರು. ಹೇಳಿದಾಗ ನಕ್ಕು, “ನಮ್ಮಲ್ಲೂ ಹಾಗೇ. ಇಲ್ಲಿ ಪಿನೋ ಗ್ರಿ ಎನ್ನುವ ದ್ರಾಕ್ಷಿಗೆ ನದಿಯ ಆಚೆ ಗ್ರೌಬುರ್ಗುಂಡರ್ ಅನ್ನುತ್ತಾರೆ” ಎಂದರು.

ಹಾಗೆ ಮಾತು ಅವರ ತಂದೆಯ ಕಡೆ ಹೊರಳಿತು. 1912ರಲ್ಲಿ ಇದೇ ಮನೆಯಲ್ಲಿ ಹುಟ್ಟಿದಾಗ ಅವರು ಜರ್ಮನ್ ಪ್ರಜೆ. ಆರನೇ ವಯಸ್ಸಿಗೆ ಫ್ರೆಂಚ್. ಇಪ್ಪತ್ತೆಂಟಕ್ಕೆ ಮತ್ತೆ ಜರ್ಮನ್. ಆಗ ಫ್ರೆಂಚ್ ಮಾತಾಡುವಂತಿರಲಿಲ್ಲ, ಹೆಸರುಗಳನ್ನೂ ಬದಲಿಸಿದರು. ಪಿಯೆರ್ ಎಂಬುವರು ಪೀಟರ್ ಆದರು. ಯುದ್ಧ ಮುಗಿದಾಗ ಮತ್ತೆ ಫ್ರೆಂಚ್.

“ಅಪ್ಪ ಉಳಿದರು. ಚಿಕ್ಕಪ್ಪ ಉಳಿಯಲಿಲ್ಲ” ಎಂದರು ಆಕೆ. 1942ರಿಂದ ಇಲ್ಲಿಯ ಹುಡುಗರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿದರು. ಅಲ್ಸಾಸ್ ಮತ್ತು ಪಕ್ಕದ ಮೊಸೆಲ್‌ನಿಂದ ಸುಮಾರು 1,30,000 ಮಂದಿ. ಅವರನ್ನು ಇಲ್ಲಿ ‘ಮಾಲ್‌ಗ್ರೆ ನೂ’ ಅನ್ನುತ್ತಾರೆ, ‘ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಹೋದವರು’ ಎಂದು ಅರ್ಥ. ಇಪ್ಪತ್ತರ ಆ ಚಿಕ್ಕಪ್ಪ ರಷ್ಯಾದ ಕಡೆ ಹೋದವನು ಮರಳಲಿಲ್ಲ. “ಅಜ್ಜಿ ಬದುಕಿರುವವರೆಗೂ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇವರು ನಿಧಾನವಾಗಿ ಶುರು ಮಾಡಿದರು, ನಮ್ಮ ಮಾವನವರ ಕಥೆ.

ಮಾವ ಹುಟ್ಟಿದ್ದು 1934ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. “ನಾನು ಮನೆ ಬಿಟ್ಟು ಕದಲಲಿಲ್ಲ, ಗೆರೆಯೇ ಅಂಗಳ ದಾಟಿ ಹೋಯ್ತು” ಎನ್ನುತ್ತಿದ್ದರು ಮಾವ. ಕನ್ನಡ ಶಾಲೆಯ ಮೇಷ್ಟರು ಅವರು. ಮನೆಯಲ್ಲಿ ಕನ್ನಡ, ತೋಟದ ಆಳುಗಳೊಡನೆ ತುಳು, ಆಫೀಸಿನಲ್ಲಿ ಮಲಯಾಳ. ಒಂದೇ ಅಡಿಕೆಗೆ ಮೂರು ಹೆಸರು. ನಮ್ಮಲ್ಲಿ ಬಂದೂಕಿರಲಿಲ್ಲ, ಸೈನ್ಯವಿರಲಿಲ್ಲ, ಅದೊಂದು ದೊಡ್ಡ ಪುಣ್ಯ. ಗೆರೆ ಇತ್ತು, ಆದರೆ ತಲಪಾಡಿ ದಾಟಿ ದಿನಾ ಸಾವಿರಾರು ಜನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಓಡಾಡುತ್ತಿದ್ದುದರಿಂದ ಯಾರಿಗೂ ಅದು ನೆನಪಾಗುತ್ತಿರಲಿಲ್ಲ.

2020ರಲ್ಲಿ ನೆನಪಾಯಿತು. ಕೊರೊನಾ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಏಪ್ರಿಲ್‌ನಲ್ಲಿ ಮಾವ ಹೋದರು. ಮಂಗಳೂರಿನಿಂದ ಮನೆಗೆ ಒಂದೂವರೆ ಗಂಟೆಯ ದಾರಿ. ಪಾಸ್ ಕೈಗೆ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವನವರು ಬೆಂಕಿ ಕೊಟ್ಟರು. ಇವರು ಮೊಬೈಲಿನಲ್ಲಿ ನೋಡಿದರು. ಅಂದಿನಿಂದ ಇವರು ಆ ವಿಷಯ ಎತ್ತಿದವರಲ್ಲ. ತಿಥಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಹಿಂತಿರುಗುವರು. ಒಂದು ರಾತ್ರಿ ಆ ಮನೆಯಲ್ಲಿ ಮಲಗಿದ್ದಿಲ್ಲ. ಎಲ್ಲೋ ದೂರದ ಊರಿನ, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಹೆಂಗಸಿನ ಮುಂದೆ ಅವತ್ತು ಎಲ್ಲ ಹೇಳಿದರು.

ಆಕೆ ಎದ್ದು ಹೋಗಿ ಇನ್ನೊಂದು ಲೋಟ ದ್ರಾಕ್ಷಿ ರಸ ತಂದು ಇವರ ಮುಂದಿಟ್ಟರು. “ನನ್ನ ಮಗಳು ಆಚೆ ದಡದಲ್ಲಿದ್ದಾಳೆ. ಆ ವರ್ಷ ಮೂರು ತಿಂಗಳು ಅವಳನ್ನು ನೋಡಲಾಗಲಿಲ್ಲ. ಗಡಿ ತೆರೆದ ದಿನ ನಾನೇ ಕಾರು ಓಡಿಸಿಕೊಂಡು ಹೋದೆ. ನೀವೂ ಹೋಗಿ. ದಾರಿ ತೆರೆದಿರುವಾಗ ಹೋಗಬೇಕು” ಎಂದರು.

ಸೇತುವೆಯ ಮೇಲೆ

ಮಾರನೆಯ ದಿನ ಕೋಲ್ಮಾರ್ ನೋಡಿ ಪೂರ್ವಕ್ಕೆ ತಿರುಗಿದೆವು. ಅಮೆರಿಕದ ಸ್ವಾತಂತ್ರ್ಯ ದೇವತೆಯನ್ನು ರೂಪಿಸಿದ ಶಿಲ್ಪಿ ಬಾರ್ತೋಲ್ಡಿ ಹುಟ್ಟಿದ ಊರು ಅದು. ನದಿಗೆ ಮುನ್ನ ಸಿಗುವುದು ನಫ್ ಬ್ರಿಸಾಕ್, ಎಂಟು ಮೂಲೆಯ ನಕ್ಷತ್ರದಂಥ ಕೋಟೆಯ ಊರು. 1697ರ ಒಪ್ಪಂದದಲ್ಲಿ ಆಚೆ ದಡದ ಬ್ರೈಸಾಕ್ ಊರನ್ನು ಬಿಟ್ಟುಕೊಡಬೇಕಾಗಿ ಬಂದಾಗ, ಫ್ರಾನ್ಸ್‌ನ ದೊರೆ ಹದಿನಾಲ್ಕನೇ ಲೂಯಿ ಈಚೆ ಕಟ್ಟಿಸಿದ್ದು. ಆ ದಪ್ಪ ಗೋಡೆಗಳ ಕಂದಕದಲ್ಲಿ ಈಗ ಹುಲ್ಲು, ನಡೆದಾಡುವ ದಾರಿ.

ಅಲ್ಲಿಂದ ಮುಂದೆ ಮೊದಲು ದೊಡ್ಡ ಕಾಲುವೆ, ಆಮೇಲೆ ರೈನ್ ನದಿ. ಗೇಟು ಎಲ್ಲಿ, ಪೊಲೀಸರು ಎಲ್ಲಿ ಎಂದು ನಾನು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಕಾಯುತ್ತಿದ್ದೆ. ಒಂದು ನೀಲಿ ಫಲಕ ದಾಟಿತು, ಅಷ್ಟೇ. “ಬಂತು ಜರ್ಮನಿ” ಎಂದರು ಇವರು. ಎಷ್ಟು ರಕ್ತ ಹರಿದ ಗೆರೆ! ನಾವು ದಾಟಲು ಒಂದು ನಿಮಿಷವೂ ಹಿಡಿಯಲಿಲ್ಲ.

ಬ್ರೈಸಾಕ್ ಯುದ್ಧದ ಕೊನೆಯಲ್ಲಿ ಬಹುಪಾಲು ನೆಲಸಮವಾದ ಊರು. ಐದು ವರ್ಷಗಳ ನಂತರ, 1950ರ ಜುಲೈಯಲ್ಲಿ, ಗಡಿಗಳಿಲ್ಲದ ಒಗ್ಗಟ್ಟಿನ ಯುರೋಪ್ ಬೇಕೇ ಎಂದು ಅಲ್ಲಿ ಜನರನ್ನೇ ಕೇಳಿದರು. ಮತ ಹಾಕಿದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಬೇಕು ಎಂದರು. ಮುರಿದ ಮನೆಗಳ ನಡುವೆ ನಿಂತು ಹೇಳಿದ ಮಾತು ಅದು.

ಕಾರು ನಿಲ್ಲಿಸಿ ಇವರು ಸೇತುವೆಯ ಮೇಲೆ ಹಿಂದಕ್ಕೆ ನಡೆದು ಹೋದರು. ನಡು ಸೇತುವೆಯಲ್ಲಿ ನಿಂತು ಫೋನ್ ತೆಗೆದರು. ಮಗಳಿಗೆ, ನಾವು ಬಂದೆವು ಎಂದು ತಿಳಿಸುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು.

“ಅಣ್ಣಾ, ನಾನು. ಎಲ್ಲ ಸೌಖ್ಯ. ಏನಿಲ್ಲ, ಈ ಸಲ ಅಪ್ಪನ ತಿಥಿಗೆ ನಾವು ಎರಡು ದಿನ ಮೊದಲೇ ಬರ್ತೇವೆ. ಹೌದು, ಉಳಿಯಲಿಕ್ಕೇ.”

ಫೋನ್ ಜೇಬಿಗೆ ಹಾಕಿ ನನ್ನ ಕಡೆ ತಿರುಗಿದರು. “ನಡಿ ಮಾರಾಯ್ತಿ, ಮಗಳು ಕಾಯ್ತಾ ಇದ್ದಾಳೆ.”

ಕಾರು ಹತ್ತಿ ಎಡಕ್ಕೆ ತಿರುಗಿಸುವಾಗ ಈ ಸಲ ಇಂಡಿಕೇಟರೇ ಬಿತ್ತು.