ತೆಳ್ಳಗಿನ ಲೇಪ

ನೀರುದೋಸೆ ಎರೆಯುವುದು ಎಷ್ಟು ನಾಜೂಕಿನ ಕೆಲಸವೆಂದು ನಮ್ಮ ಬಂಟ್ವಾಳ, ಬೆಳ್ತಂಗಡಿಯ ಕಡೆಯವರಿಗೆ ಹೇಳಬೇಕಾಗಿಲ್ಲ. ಅತಿಭಾರದ ಮೂಲವಸ್ತುಗಳನ್ನು ಹುಡುಕುವ ವಿಜ್ಞಾನಿಗಳ ಕೆಲಸ ಅದಕ್ಕಿಂತಲೂ ನಾಜೂಕಿನದು. 117ನೆಯ ಮೂಲವಸ್ತುವಿಗಾಗಿ ಅಮೆರಿಕದ ಓಕ್ ರಿಜ್‌ನಲ್ಲಿ 22 ಮಿಲಿಗ್ರಾಮ್ ಬರ್ಕೆಲಿಯಮ್ ಸಿದ್ಧವಾಯಿತು. 2009ರಲ್ಲಿ ರಷ್ಯದ ಡಿಮಿಟ್ರೊವ್‌ಗ್ರಾಡ್‌ನವರು ಅದನ್ನು ಟೈಟಾನಿಯಮ್ ಹಾಳೆಯ ಮೇಲೆ, ಚದರ ಸೆಂಟಿಮೀಟರಿಗೆ ಅರ್ಧ ಮಿಲಿಗ್ರಾಮೂ ಮೀರದಂತೆ ಲೇಪಿಸಿದರು. ಡುಬ್ನಾದಲ್ಲಿ ಕ್ಯಾಲ್ಸಿಯಮ್ ಕಣಗಳಿಗೆ ಅದೇ ಗುರಿ. ಲೇಪ ದಪ್ಪವಾದರೆ ಬಂದೆರಗುವ ಕಣಗಳ ವೇಗ ಒಳಗೇ ಕುಂದುತ್ತದೆ. ಹುಟ್ಟಿದ ಹೊಸ ಪರಮಾಣುವೂ ಹೊರಬರಲಾರದು. ತೀರ ತೆಳ್ಳಗಾದರೆ ಡಿಕ್ಕಿಗಳೇ ವಿರಳ.

ಇನ್ನೊಂದು ತೊಡಕುಂಟು. ಮೂಡುಬಿದಿರೆಯ ಬಸದಿಯಲ್ಲಿ ಧವಳದ ತಾಳೆಗರಿಗಳು ಶತಮಾನಗಳ ಕಾಲ ಉಳಿದವು. ಬರ್ಕೆಲಿಯಮನ್ನು ಮಾತ್ರ ಯಾವ ಪೆಟ್ಟಿಗೆಯೂ ಉಳಿಸಲಾರದು. ಸುಮಾರು 330 ದಿನಗಳಲ್ಲಿ ಅದರ ಅರ್ಧ ಪಾಲು ಕ್ಯಾಲಿಫೋರ್ನಿಯಮ್ ಆಗಿಬಿಡುತ್ತದೆ. ಇದನ್ನೇ ಅರ್ಧಾಯು ಎನ್ನುವುದು. ಹೀಗಿರುತ್ತ, ಕಾಗದಪತ್ರದ ಕೊರತೆಯಿಂದ ಆ ಪೊಟ್ಟಣ ಅಟ್ಲಾಂಟಿಕ್ ಸಾಗರವನ್ನು ಐದು ಸಲ ದಾಟಬೇಕಾಯಿತಂತೆ! ಆದರೂ ಕಾಲ ಮೀರುವ ಮೊದಲೇ ಕೆಲಸ ಸಾಗಿತು. ಆರು ಪರಮಾಣುಗಳು ದೊರೆತುವೆಂದು 2010ರಲ್ಲಿ ಪ್ರಕಟವಾಯಿತು. 2016ರಲ್ಲಿ ಆ ಮೂಲವಸ್ತುವಿಗೆ ಟೆನೆಸೀನ್ ಎಂದು ಹೆಸರಿಟ್ಟರು.

ಕಲಾ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಮಿತ್ರರು ಕೇಳಬಹುದು. ಬೆಳ್ತಂಗಡಿಯ ಮನೆಯಲ್ಲಿ ನನ್ನ ಅಕ್ಕ ಬೀಡಿ ಕಟ್ಟುತ್ತ, ‘ಮುಂದಿನ ವರ್ಷ ಕಾಲೇಜು ಸೇರುತ್ತೇನೆ’ ಎನ್ನುತ್ತ ನಾಲ್ಕು ವರ್ಷ ಕಳೆದಳು. ಅವಳ ದುಡಿಮೆಯಿಂದಲೇ ನನ್ನ ಓದು ನಡೆದಿದೆ. ಓದಿನ ಆಸೆಗೂ ಒಂದು ಅರ್ಧಾಯು ಉಂಟೆಂದು ಈಗ ನನಗನಿಸುತ್ತದೆ. ಈ ಬಾರಿ ಪ್ರವೇಶದ ಅರ್ಜಿಯನ್ನು ನಾನೇ ತಂದು ಅವಳ ಮೊರದ ಪಕ್ಕದಲ್ಲಿಟ್ಟಿದ್ದೇನೆ. ಅವಳು ಅದನ್ನು ಎತ್ತಿಟ್ಟುಕೊಂಡಿದ್ದಾಳೆ, ಇನ್ನೂ ತುಂಬಿಲ್ಲ.