ಮೂಲ ಒಂದೆಡೆ, ಕಮಾಂಡ್ ಇನ್ನೊಂದೆಡೆ

ಸಣ್ಣದೊಂದು ಕಮಾಂಡ್‌ಲೈನ್ ಸಾಧನವನ್ನು ಹತ್ತು ಜನರಿಗೆ ತಲುಪಿಸುವುದು ಮೊದಲು ಎಷ್ಟು ಕಷ್ಟವಿತ್ತು ಎಂಬುದು ಇಂದಿನವರಿಗೆ ಗೊತ್ತಾಗುವುದಿಲ್ಲ. ಜಿಪ್ ಕಡತ ಕಳಿಸಬೇಕು, ಪಾತ್ ಸರಿಪಡಿಸುವುದನ್ನು ಹೇಳಿಕೊಡಬೇಕು. 2010ರಲ್ಲಿ ಐಸಾಕ್ ಶ್ಲೂಟರ್ ಅವರ ಎನ್‌ಪಿಎಂ ಎಂಬ ಪ್ಯಾಕೇಜ್ ನಿರ್ವಾಹಕ ಬಂತು. ಪ್ಯಾಕೇಜ್.ಜೆಸನ್‌ನಲ್ಲಿ ‘ಬಿನ್’ ಎಂದೊಂದು ಸಾಲು ಸೇರಿಸಿದರೆ ಸಾಕು, ಇನ್‌ಸ್ಟಾಲ್ ಮಾಡಿದವರ ಟರ್ಮಿನಲ್‌ನಲ್ಲಿ ಕಮಾಂಡ್ ಸಿದ್ಧ. ನಮಗೆಲ್ಲ ಹಬ್ಬವೇ ಆಯಿತು.

ಆಗ ನಾವು ಬರೆಯುತ್ತಿದ್ದದ್ದು ಕಾಫಿಸ್ಕ್ರಿಪ್ಟ್‌ನಲ್ಲಿ. ಅನೇಕರು ಮೂಲವನ್ನೇ ಎನ್‌ಪಿಎಂನ ರಿಜಿಸ್ಟ್ರಿಗೆ ಏರಿಸಿಬಿಡುತ್ತಿದ್ದರು. ಬಳಸುವವರು ಆ ಭಾಷೆಯ ಕಂಪೈಲರನ್ನೂ ತಮ್ಮ ಯಂತ್ರದಲ್ಲಿ ಹಾಕಿಕೊಳ್ಳಬೇಕಿತ್ತು. ಇದು ನ್ಯಾಯವಲ್ಲ ಅಂತ ನನಗೆ ಆಗಲೇ ಅನಿಸುತ್ತಿತ್ತು. ಬರೆಯುವವನ ಇಷ್ಟದ ಭಾರವನ್ನು ಬಳಸುವವನು ಯಾಕೆ ಹೊರಬೇಕು?

ನಿಧಾನಕ್ಕೆ ಪದ್ಧತಿ ಬದಲಾಯಿತು. ಏರಿಸುವ ಮುನ್ನ ಕಂಪೈಲ್ ಮಾಡಿ, ಜಾವಾಸ್ಕ್ರಿಪ್ಟ್ ಮಾತ್ರ ಕಳಿಸುವುದು ರೂಢಿಯಾಯಿತು. ಅದರಲ್ಲೂ ತೊಡಕುಗಳಿದ್ದವು. ಕಂಪೈಲ್ ಆದ ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ ಸೇರಿಸಿರುತ್ತೇವಲ್ಲ, ಬೇರೆ ಸೂಚನೆ ಕೊಡದಿದ್ದರೆ ಎನ್‌ಪಿಎಂ ಅದನ್ನೇ ಪಾಲಿಸುತ್ತದೆ. ಹಾಗಾಗಿ ಮುಖ್ಯ ಕಡತವೇ ಇಲ್ಲದ ಪ್ಯಾಕೇಜ್‌ಗಳು ಲೋಕಸಂಚಾರಕ್ಕೆ ಹೊರಡುತ್ತಿದ್ದವು. ವಿಂಡೋಸ್‌ನಲ್ಲಿ ಉಳಿಸಿದ ಕಡತದ ಮೊದಲ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು, ಲಿನಕ್ಸ್‌ನಲ್ಲಿ ಕಮಾಂಡ್ ಏಳುತ್ತಲೇ ಇರಲಿಲ್ಲ.

ಮುಂದೆ ಟೈಪ್‌ಸ್ಕ್ರಿಪ್ಟ್ ಎಲ್ಲೆಡೆ ಹರಡಿತು. 2017ರಲ್ಲಿ ಬಂದ ಎನ್‌ಪಿಎಕ್ಸ್‌ನಿಂದ ಇನ್‌ಸ್ಟಾಲ್ ಮಾಡುವ ಗೋಜೂ ತಪ್ಪಿತು. ಇಎಸ್‌ಬಿಲ್ಡ್‌ನಂಥ ಸಾಧನಗಳು ಇಡೀ ಅಪ್ಲಿಕೇಶನ್ನನ್ನು ಒಂದೇ ಕಡತಕ್ಕೆ ಇಳಿಸಿದವು. ಪ್ಯೂರ್‌ಸ್ಕ್ರಿಪ್ಟ್ ಭಾಷೆಯ ಬಿಲ್ಡ್ ಸಾಧನ ಸ್ಪಾಗೋವನ್ನೇ ನೋಡಿ. ಮೊದಲು ಹ್ಯಾಸ್ಕೆಲ್‌ನಲ್ಲಿದ್ದ ಆ ಸಾಧನವನ್ನು ಪ್ಯೂರ್‌ಸ್ಕ್ರಿಪ್ಟ್‌ನಲ್ಲೇ ಮತ್ತೆ ಬರೆದು ಎನ್‌ಪಿಎಂ ಮೂಲಕ ಹಂಚುತ್ತಿದ್ದಾರೆ. ಸಣ್ಣ ಭಾಷೆಯೊಂದು ತನ್ನ ಸಾಧನವನ್ನು ತಾನೇ ಕಟ್ಟಿಕೊಂಡು ಎಲ್ಲರ ಟರ್ಮಿನಲ್‌ಗೆ ಬರುವುದನ್ನು ಕಂಡಾಗ ಈಗಲೂ ಖುಷಿಯಾಗುತ್ತದೆ. ಇತ್ತೀಚಿನ ನೋಡ್ ಟೈಪ್‌ಸ್ಕ್ರಿಪ್ಟ್ ಕಡತವನ್ನು ನೇರವಾಗಿ ಓಡಿಸುತ್ತದೆ ನಿಜ, ಆದರೆ ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳು ಕೂರುವ ನೋಡ್‌ಮಾಡ್ಯೂಲ್ಸ್ ಫೋಲ್ಡರಿನ ಒಳಗಿನದನ್ನಲ್ಲ. ಹಂಚುವವರು ಇವತ್ತಿಗೂ ಕಂಪೈಲ್ ಮಾಡಲೇಬೇಕು.

ಅನುಕೂಲದ ಜೊತೆಗೆ ಒಂದು ಅಂತರವೂ ಬೆಳೆಯಿತು. ರಿಜಿಸ್ಟ್ರಿಯಲ್ಲಿರುವ ಕಡತ ನಾವು ಬರೆದ ಮೂಲವಲ್ಲ. ಎರಡನ್ನೂ ಹೋಲಿಸಿ ನೋಡುವವರು ಕಡಿಮೆ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್‌ನಂಥ ಪ್ಯಾಕೇಜ್‌ಗಳ ನಿರ್ವಾಹಕರ ಖಾತೆಯನ್ನು ವಂಚನೆಯ ಮಿಂಚಂಚೆಯಿಂದ ವಶಪಡಿಸಿಕೊಂಡು, ವಿಷ ಬೆರೆಸಿದ ಆವೃತ್ತಿಗಳನ್ನು ಏರಿಸಿದ್ದು ಇದೇ ಬಾಗಿಲಿನಿಂದ.

ಪ್ಯಾಕೇಜ್ ಯಾವ ಕಮಿಟ್‌ನಿಂದ ಹುಟ್ಟಿತು ಎಂಬ ಪುರಾವೆಯನ್ನು ಜೊತೆಗೇ ಪ್ರಕಟಿಸುವ ಸೌಲಭ್ಯ 2023ರಿಂದ ಎನ್‌ಪಿಎಂನಲ್ಲಿದೆ. ನಿಮ್ಮ ಕಮಾಂಡನ್ನು ಬೇರೆಯವರ ಯಂತ್ರಕ್ಕೆ ಕಳಿಸುವವರಿದ್ದರೆ, ದಯವಿಟ್ಟು ಅದನ್ನು ಬಳಸಿ. ಕಂಪೈಲ್ ಆದ ಸಾಲು ಮೂಲದ ಯಾವ ಸಾಲಿನದು ಎಂದು ತೋರಿಸುವ ಸೋರ್ಸ್‌ಮ್ಯಾಪನ್ನೂ ಸೇರಿಸಿ ಕಳಿಸಿ.